ಐಚ್ಛಿಕ ಕನ್ನಡ: ಇಚ್ಛೆ ಯಾರದು?

ಎಸೆಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಸೈನ್ಸಾ, ಕಾಮರ್ಸಾ?’ ಈ ಪ್ರಶ್ನೆಯಲ್ಲಿ ಮೂರನೆಯದಕ್ಕೆ ಜಾಗವೇ ಇಲ್ಲ. ಕಲಾ ವಿಭಾಗ ಎಂಬುದೊಂದು ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಆರಿಸಿಕೊಳ್ಳುವಂಥದ್ದಲ್ಲ, ಅಂಕ ಕಡಿಮೆಯಾದವರ ಪಾಲಿಗೆ ಉಳಿಯುವಂಥದ್ದು ಎಂಬ ತೀರ್ಮಾನ ಎಂದೋ ಆಗಿಹೋಗಿದೆ. ಆ ಕಲಾ ವಿಭಾಗದ ಒಳಗೂ ಯಾರೂ ಇಣುಕದ ಒಂದು ಮೂಲೆಯಿದೆ. ಅದರ ಹೆಸರು ಐಚ್ಛಿಕ ಕನ್ನಡ.

ಪಿಯುಸಿಯಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದಬೇಕು. ಆರು ವಿಷಯ, 600 ಅಂಕ. ಕನ್ನಡವನ್ನು ಭಾಷೆಯಾಗಿ ತೆಗೆದುಕೊಂಡವರು ವಿಜ್ಞಾನದಲ್ಲೂ ಇದ್ದಾರೆ, ವಾಣಿಜ್ಯದಲ್ಲೂ ಇದ್ದಾರೆ. ಕೆಲವು ಪದ್ಯ, ಕೆಲವು ಪಾಠ, ಒಂದಿಷ್ಟು ವ್ಯಾಕರಣ ಓದಿ ಅವರು ಅದನ್ನು ಮುಗಿಸುತ್ತಾರೆ. ಐಚ್ಛಿಕ ಕನ್ನಡ ಬೇರೆಯೇ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಪಕ್ಕದಲ್ಲಿ ನಾಲ್ಕನೆಯ ವಿಷಯವಾಗಿ ಸಮಾಜಶಾಸ್ತ್ರದ ಬದಲು ಸಾಹಿತ್ಯವನ್ನು ಶಾಸ್ತ್ರವಾಗಿ ಓದುವುದು ಅದು. ಹಳಗನ್ನಡ, ನಡುಗನ್ನಡ, ಸಾಹಿತ್ಯ ಚರಿತ್ರೆ, ಛಂದಸ್ಸು ಅಲ್ಲಿ ಬರುತ್ತವೆ. ಅದನ್ನು ಆರಿಸಿಕೊಂಡವರಿಗೆ ಆರು ವಿಷಯಗಳಲ್ಲಿ ಎರಡು ಕನ್ನಡವೇ ಆಗಬಹುದು.

ಬ್ರಹ್ಮಾವರದಿಂದ ಒಳಗೆ ಹೋದರೆ ಸಿಗುವ ಕೊಕ್ಕರ್ಣೆಯಂಥ ಊರಿನ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಅವಳಾಡುವುದು ಬ್ಯಾರಿ ಭಾಷೆ, ಬಸ್‌ಸ್ಟ್ಯಾಂಡಿನಲ್ಲಿ ಕುಂದಾಪುರ ಕನ್ನಡ, ಗೆಳತಿಯರ ಜೊತೆ ತುಳು. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿದೆ. ಬಯಸಿದರೆ ಪಿಸಿಎಂಬಿಯೂ ಸಿಗುತ್ತದೆ. ಆದರೆ ಅವಳಿಗೆ ಇಷ್ಟವಾದದ್ದು ಕನ್ನಡದ ಪುಸ್ತಕ. ಮನೆಯಲ್ಲಿ ಅಮ್ಮ ಕೇಳುತ್ತಾಳೆ: ‘ಅದರಿಂದ ಏನಾಗ್ಲಿಕ್ಕುಂಟು ಮೋಳೆ?’ ಪಕ್ಕದ ಮನೆಯವರು ಕೇಳುತ್ತಾರೆ: ‘ಕನ್ನಡ ಓದ್ಲಿಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕು? ನಾವು ಮಾತಾಡುವುದು ಕನ್ನಡವೇ ಅಲ್ವಾ?’

ಇವೆರಡೂ ತಮಾಷೆಯ ಪ್ರಶ್ನೆಗಳಲ್ಲ. ಸಾಹಿತ್ಯದ ಅಭಿಮಾನಿಗಳು ಇವುಗಳನ್ನು ಕೇಳಿ ನಗುವುದುಂಟು. ನಗುವುದು ಸುಲಭ, ಉತ್ತರಿಸುವುದು ಕಷ್ಟ. ಒಂದೊಂದಾಗಿ ನೋಡೋಣ.

ಹೊಟ್ಟೆಯ ಪ್ರಶ್ನೆ

ಅಮ್ಮನ ಪ್ರಶ್ನೆಯ ಹಿಂದೆ ಇರುವುದು ಭಯ. ಆ ಭಯಕ್ಕೆ ಕಾರಣವಿದೆ. ನಮ್ಮ ಉಡುಪಿ ಜಿಲ್ಲೆ ಫಲಿತಾಂಶಗಳ ಜಿಲ್ಲೆ. 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಶೇ. 93.90 ಮಂದಿ ಉತ್ತೀರ್ಣರಾಗಿ ಜಿಲ್ಲೆಯು ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಅದೇ ಪರೀಕ್ಷೆಯಲ್ಲಿ ರಾಜ್ಯಮಟ್ಟದಲ್ಲಿ ವಿಜ್ಞಾನ ವಿಭಾಗದವರು ಶೇ. 82ಕ್ಕೂ ಹೆಚ್ಚು ಮಂದಿ ತೇರ್ಗಡೆಯಾದರೆ, ಕಲಾ ವಿಭಾಗದಲ್ಲಿ ತೇರ್ಗಡೆಯಾದವರು ಶೇ. 53ರಷ್ಟು ಮಾತ್ರ. ಇದನ್ನು ನೋಡಿದ ತಂದೆತಾಯಿಗೆ ಕಲಾ ವಿಭಾಗವೆಂದರೆ ಸೋಲುವವರ ತರಗತಿ ಎನಿಸಿದರೆ ಆಶ್ಚರ್ಯವಿಲ್ಲ.

ಆದರೆ ಈ ಅಂಕಿಅಂಶವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಹೆಚ್ಚು ಅಂಕದವರೆಲ್ಲ ವಿಜ್ಞಾನಕ್ಕೆ ಹೋಗಿ, ಇನ್ನೆಲ್ಲೂ ಸೀಟು ಸಿಗದವರನ್ನು ಕಲಾ ವಿಭಾಗಕ್ಕೆ ಕಳಿಸಿದರೆ ಫಲಿತಾಂಶ ಬೇರೆ ಹೇಗೆ ಬಂದೀತು? ಅದು ವಿಷಯದ ಸೋಲಲ್ಲ, ನಾವು ಮಾಡಿದ ವಿಂಗಡಣೆಯ ಫಲ. ಮೊದಲು ಒಂದು ತರಗತಿಯನ್ನು ಉಳಿದವರ ತರಗತಿಯಾಗಿ ಮಾಡುತ್ತೇವೆ. ಆಮೇಲೆ ಅಲ್ಲಿ ಉಳಿದವರೇ ಇದ್ದಾರೆ ಎಂದು ದೂರುತ್ತೇವೆ. ಇದು ಎಲ್ಲಿಯ ನ್ಯಾಯ?

ಹಾಗೆಂದು ಹುಡುಗಿಗೆ ಸುಳ್ಳು ಭರವಸೆ ಕೊಡುವುದೂ ನ್ಯಾಯವಲ್ಲ. ಐಚ್ಛಿಕ ಕನ್ನಡ ಓದಿದವರ ಮುಂದಿರುವ ದಾರಿಗಳು ಇಂತಿಷ್ಟೇ: ಪದವಿ, ಬಿ.ಎಡ್. ಮುಗಿಸಿ ಶಿಕ್ಷಕಿಯಾಗುವುದು, ಎಂ.ಎ. ಮಾಡಿ ಉಪನ್ಯಾಸಕಿಯಾಗುವುದು, ಪತ್ರಿಕೆ, ದೂರದರ್ಶನ ವಾಹಿನಿ, ಅನುವಾದ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಅವಕಾಶವಿದೆ. ದಾರಿಗಳು ಇವೆ, ಆದರೆ ಅಗಲವಾಗಿಲ್ಲ. ಸರಕಾರ ಶಿಕ್ಷಕರ ಹುದ್ದೆ ತುಂಬುವವರೆಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಇನ್ನೊಂದು ಕಹಿ ಸತ್ಯವಿದೆ. ವಿಜ್ಞಾನ ಓದಿದವರು ನಾಳೆ ಮನಸ್ಸು ಬದಲಿಸಿ ಬಿ.ಎ.ಗೆ ಬರಬಹುದು, ಅಲ್ಲಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ಕಲಾ ವಿಭಾಗಕ್ಕೆ ಬಂದವರಿಗೆ ವೈದ್ಯಕೀಯ, ಇಂಜಿನಿಯರಿಂಗ್‌ಗಳ ದಾರಿ ಅಲ್ಲಿಗೆ ಮುಚ್ಚಿತು. ಒಂದು ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ, ಇನ್ನೊಂದು ಒಂದೇ ಕಡೆಗೆ. ‘ಮೊದಲು ಸೈನ್ಸ್ ಮಾಡು, ಆಮೇಲೆ ಬೇಕಾದರೆ ನೋಡುವ’ ಎಂಬ ಹಿರಿಯರ ಮಾತಿನಲ್ಲಿ ಇರುವ ತರ್ಕ ಇದು. ಈ ತರ್ಕ ಸುಳ್ಳಲ್ಲ. ಆದರೆ ಅದು ಒಂದು ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಡದ್ದನ್ನು ಓದುತ್ತ ಕಳೆದ ಎರಡು ವರ್ಷ ಖಾಲಿ ವರ್ಷಗಳಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಷನ್, ರಾತ್ರಿ ಪ್ರಶ್ನೆಪತ್ರಿಕೆ ಎಂದು ಕಳೆದ ಆ ವರ್ಷಗಳಲ್ಲಿ ಓದಿನ ಆಸೆಯೇ ಬತ್ತಿಹೋದರೆ, ಆಮೇಲೆ ತೆರೆದ ಬಾಗಿಲಿನ ಮುಂದೆ ನಿಂತು ಏನು ಮಾಡುವುದು?

ಮನೆಯಲ್ಲೇ ಓದಿದರೆ ಸಾಲದೇ?

ಪಕ್ಕದ ಮನೆಯವರ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಕನ್ನಡ ಸಾಹಿತ್ಯಕ್ಕೆ ಕಾಲೇಜಿನ ತರಗತಿ ಬೇಕೇ? ನಮ್ಮ ಸುತ್ತಲಿನ ಉದಾಹರಣೆಗಳೆಲ್ಲ ಬೇಡ ಎನ್ನುವಂತಿವೆ. ಕೆ.ಎಸ್. ನಿಸಾರ್ ಅಹಮದ್ ಓದಿದ್ದು ಭೂವಿಜ್ಞಾನ, ಕಾಲೇಜಿನಲ್ಲಿ ಕಲಿಸಿದ್ದೂ ಅದನ್ನೇ. ಅವರು 2006ರಲ್ಲಿ ಶಿವಮೊಗ್ಗದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೊಳುವಾರು ಮಹಮದ್ ಕುಂಞಿ ಬ್ಯಾಂಕಿನಲ್ಲಿ ದುಡಿದವರು. ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಹಾಸನದ ವಕೀಲೆ. ನಮ್ಮ ಕೋಟದ ಶಿವರಾಮ ಕಾರಂತರು ಗಾಂಧೀಜಿಯ ಕರೆ ಕೇಳಿ ಕಾಲೇಜನ್ನೇ ಬಿಟ್ಟವರು. ಅವರಿಗೂ ಮೊದಲು, ‘ರಾಮಾಶ್ವಮೇಧ’ ಬರೆದ ಮುದ್ದಣ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದರು. ತಮ್ಮ ಕೃತಿಯನ್ನು ಹಳೆಯ ಕವಿಯೊಬ್ಬನದೆಂಬಂತೆ ಮೈಸೂರಿಗೆ ಕಳುಹಿಸಿಕೊಟ್ಟರು. ಅಷ್ಟು ಹಳಗನ್ನಡ ಅವರಿಗೆ ಒಲಿದಿತ್ತು.

ಈ ಪಟ್ಟಿಯನ್ನು ನೋಡಿದರೆ ವಾದ ಮುಗಿದಂತೆ ಕಾಣುತ್ತದೆ. ಆದರೆ ಇದರಲ್ಲಿ ಒಂದು ಮೋಸವಿದೆ. ಇದು ದಾಟಿ ಬಂದವರ ಪಟ್ಟಿ. ದಾಟಲಾಗದವರ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರನ್ನೇ ತೆಗೆದುಕೊಳ್ಳಿ. 1936ರಲ್ಲಿ ಹುಟ್ಟಿದ ಅವರು ತಮ್ಮ ಸಮುದಾಯದಲ್ಲಿ ಕನ್ನಡ ಶಾಲೆ ಮುಗಿಸಿದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಮುಂದೆ ಓದುವ ಆಸೆಯಿದ್ದರೂ ಅಂದಿನ ಕಟ್ಟುಪಾಡುಗಳು ಬಿಡಲಿಲ್ಲ. ಗ್ರಂಥಾಲಯವೊಂದರ ಸದಸ್ಯತ್ವ ಅವರಿಗೆ ಸಿಕ್ಕಿದ್ದೇ 1963ರಲ್ಲಿ, ಶಾಲೆ ಬಿಟ್ಟು ಸುಮಾರು ಹತ್ತು ವರ್ಷಗಳ ನಂತರ. ‘ಮನೆಯಲ್ಲೇ ಓದಿಕೊ’ ಎನ್ನುವವರು ಈ ಹತ್ತು ವರ್ಷಗಳ ಬಗ್ಗೆ ಯೋಚಿಸಬೇಕು. ಸ್ವಂತ ಓದಿಗೆ ಪುಸ್ತಕ ಬೇಕು, ಸಮಯ ಬೇಕು, ‘ಏನು ಓದ್ತಾ ಕೂತಿದ್ದಿ, ಎದ್ದು ಪಾತ್ರೆ ತೊಳೆ’ ಎಂದು ಯಾರೂ ಹೇಳದ ಒಂದು ಮೂಲೆ ಬೇಕು. ಅನೇಕ ಹೆಣ್ಣುಮಕ್ಕಳಿಗೆ ಇಂದಿಗೂ ಆ ಮೂಲೆ ಸಿಗುವುದು ತರಗತಿಯಲ್ಲಿ ಮಾತ್ರ. ಪಾಠವಾಗಿ ಬಂದರೆ ಓದಿಗೆ ಮನೆಯಲ್ಲಿ ಅನುಮತಿ ಇದೆ, ಪಾಠವಲ್ಲದ ಓದು ಕಾಲಹರಣ.

ಎರಡನೆಯ ಕಾರಣವೂ ಇದೆ. ಇಂದಿನ ಕಥೆ, ಕಾದಂಬರಿಗಳನ್ನು ನಾವೇ ಓದಿಕೊಳ್ಳಬಹುದು. ಪಂಪನನ್ನೋ ರಾಘವಾಂಕನನ್ನೋ ಯಾರೂ ಕಲಿಸದೆ ತೆರೆದು ನೋಡಿ. ಮೊದಲ ಸಾಲಿನಲ್ಲೇ ಕಾಲು ಕಟ್ಟಿಹಾಕಿದಂತಾಗುತ್ತದೆ. ಪದವನ್ನು ಎಲ್ಲಿ ಬಿಡಿಸಬೇಕು, ಯಾವ ಪದ ಯಾವುದರ ಜೊತೆ ಹೋಗುತ್ತದೆ ಎಂದು ತೋರಿಸಿಕೊಡಲು ಪಕ್ಕದಲ್ಲಿ ಒಬ್ಬರು ಬೇಕು. ಒಬ್ಬರೇ ಓದಲು ಆಗದ್ದನ್ನು ಜೊತೆಯಾಗಿ ಓದಲಿಕ್ಕೇ ತರಗತಿ ಇರುವುದು.

ಒಂದು ಚಿಕ್ಕ ಉದಾಹರಣೆ. ಭಾಮಿನಿ ಷಟ್ಪದಿಯ ಲಯ ಬಡಗುತಿಟ್ಟಿನ ಯಕ್ಷಗಾನ ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳ ಕಿವಿಗೆ ಹೊಸದಲ್ಲ. ಭಾಗವತರು ಹಾಡುವಾಗ ತಲೆ ತಾನೇ ತೂಗುತ್ತದೆ. ಆದರೆ ಯಾಕೆ ತೂಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಛಂದಸ್ಸಿನ ಪಾಠದಲ್ಲಿ ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸುತ್ತಾರೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ಇನ್ನೊಂದು ಏಳು, ಕೊನೆಗೊಂದು ಗುರು, ಒಟ್ಟು 23. ಆರು ಸಾಲಿನ ಲೆಕ್ಕ ಇಷ್ಟೇ. ಕುಮಾರವ್ಯಾಸ ಭಾರತದ ಕಥೆಯನ್ನು ಈ ಲೆಕ್ಕದಲ್ಲಿ ಹೇಳಿದ. ಇದು ತಿಳಿದ ಮೇಲೆ ಆಟ ನೋಡುವ ಸಂತೋಷ ಕಡಿಮೆಯಾಗುವುದಿಲ್ಲ. ಮೊದಲು ಕಿವಿ ಮಾತ್ರ ಕೇಳುತ್ತಿತ್ತು, ಈಗ ಬುದ್ಧಿಯೂ ಕೇಳುತ್ತದೆ. ‘ನಾವು ಮಾತಾಡುವುದು ಕನ್ನಡವೇ ಅಲ್ವಾ’ ಎಂಬುದಕ್ಕೆ ಉತ್ತರ ಇದು: ಹೌದು, ಮಾತಾಡುತ್ತೇವೆ. ಆದರೆ ನಮ್ಮ ಮಾತಿಗೆ ಹೀಗೊಂದು ಕಟ್ಟಡವಿದೆ ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕು.

ಯಾರ ಸಾಹಿತ್ಯ?

ಬಾಯಿಬಿಟ್ಟು ಹೇಳದಿದ್ದರೂ ಅನೇಕರ ಮನಸ್ಸಿನಲ್ಲಿರುವ ಮೂರನೆಯ ಪ್ರಶ್ನೆಯೊಂದಿದೆ. ಹಳಗನ್ನಡವೆಂದರೆ ಜೈನರ ಪುರಾಣ, ನಡುಗನ್ನಡವೆಂದರೆ ಶರಣರು, ದಾಸರು. ಬ್ಯಾರಿ ಮನೆಯ, ಉರ್ದು ಮನೆಯ ಮಗುವಿಗೆ ಅದರಲ್ಲಿ ಏನಿದೆ? ಅದು ನಮ್ಮದೇ?

ಇದಕ್ಕೆ ಮರುಪ್ರಶ್ನೆ ಹಾಕಬೇಕು: ಹಾಗಾದರೆ ಅದು ಯಾರದು? ಕೊಕ್ಕರ್ಣೆಯ ಯಾವ ಮನೆಯಲ್ಲಿ ಪಂಪನ ಕನ್ನಡ ಆಡುತ್ತಾರೆ? ತುಳು ಮನೆಯ ಹುಡುಗನಿಗೆ, ಕೊಂಕಣಿ ಮನೆಯ ಹುಡುಗಿಗೆ, ‘ಹ್ವಾಯ್’ ಎಂದು ಕರೆಯುವ ಕುಂದಾಪುರ ಕನ್ನಡದ ಮಕ್ಕಳಿಗೂ ಅದು ಅಷ್ಟೇ ಅಪರಿಚಿತ. ಹಳಗನ್ನಡದ ಎದುರು ಎಲ್ಲರೂ ಒಂದೇ ಬೆಂಚಿನವರು. ಯಾರಿಗೂ ಹುಟ್ಟಿನಿಂದ ಬಂದ ಹಕ್ಕಿಲ್ಲ. ಕಲಿತವರಿಗೆ ಅದು ಸೇರುತ್ತದೆ. ಪಂಪನೇ ಇದಕ್ಕೆ ಸಾಕ್ಷಿ. ಜೈನ ಕವಿಯಾದ ಅವನು ಹತ್ತನೆಯ ಶತಮಾನದಲ್ಲಿ ವೈದಿಕರ ಮಹಾಭಾರತವನ್ನು ಕೈಗೆತ್ತಿಕೊಂಡ. ಅದು ತನ್ನದಲ್ಲ ಎಂದು ಅವನಿಗೆ ಅನಿಸಲಿಲ್ಲ. ನಮ್ಮ ಕಾಲಕ್ಕೆ ಬಂದರೆ ರಹಮತ್ ತರೀಕೆರೆ ಇದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಕರ್ನಾಟಕದ ಸೂಫಿಗಳ ಬಗ್ಗೆಯೂ ನಾಥಪಂಥದ ಬಗ್ಗೆಯೂ ಊರೂರು ತಿರುಗಿ ಬರೆದರು. ‘ಕತ್ತಿಯಂಚಿನ ದಾರಿ’ಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡವನ್ನು ಶಾಸ್ತ್ರವಾಗಿ ಓದಿದವರೊಬ್ಬರು ನಾಡಿಗೆ ಏನು ಕೊಡಬಲ್ಲರು ಎಂಬುದಕ್ಕೆ ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ.

ಇನ್ನು ಅಲ್ಲಿ ಏನಿದೆ ಎಂಬ ಪ್ರಶ್ನೆ. ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ ಕಾವ್ಯ ಬರೆದ. ಆದರೆ ಅವನ ಕಾವ್ಯ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಅರ್ಜುನನ ಎದುರಾಳಿ ಕರ್ಣ. ರಾಜನ ಅನ್ನ ಉಂಡ ಕವಿ ಎದುರಾಳಿಗೆ ಅನ್ಯಾಯ ಮಾಡಲಿಲ್ಲ. ರಾಘವಾಂಕನ ಹರಿಶ್ಚಂದ್ರನ ಕಥೆಯಲ್ಲಿ ಸತ್ಯಕ್ಕೆ ಹೆಸರಾದ ರಾಜನ ಮುಂದೆ ಹೊಲೆಯರ ಹುಡುಗಿಯರು ಬಂದು ನಿಲ್ಲುತ್ತಾರೆ. ನಮ್ಮ ಹಾಡನ್ನು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ತಾಗದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ತಾಗುತ್ತದೆ ಎಂಬ ಅರ್ಥದಲ್ಲಿ ವಾದಿಸುತ್ತಾರೆ. ಕಾವ್ಯದ ನಾಯಕ ಹರಿಶ್ಚಂದ್ರನೇ. ಆದರೂ ಆ ಹುಡುಗಿಯರ ಬಾಯಿಯನ್ನು ಕವಿ ಮುಚ್ಚಿಸಲಿಲ್ಲ.

ತನ್ನ ಪಕ್ಷದಲ್ಲಿ ನಿಂತುಕೊಂಡೇ ಎದುರು ಪಕ್ಷದ ಮಾತನ್ನು ಪೂರ್ತಿ ಕೇಳುವುದು, ಇದು ಕಷ್ಟದ ವಿದ್ಯೆ. ಇಂದಿನ ಕರಾವಳಿಗೆ ಇದಕ್ಕಿಂತ ಅಗತ್ಯವಾದ ವಿದ್ಯೆ ಯಾವುದಿದೆ? 2022ರ ಆರಂಭದಲ್ಲಿ ಇದೇ ಉಡುಪಿ, ಕುಂದಾಪುರಗಳ ಪದವಿಪೂರ್ವ ಕಾಲೇಜುಗಳ ಗೇಟಿನ ಮುಂದೆ ಏನು ನಡೆಯಿತೆಂದು ಎಲ್ಲರೂ ಕಂಡಿದ್ದಾರೆ. ಶಿರವಸ್ತ್ರದ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಯಾವ ವಿಷಯ ಆರಿಸಲಿ ಎಂಬ ಪ್ರಶ್ನೆ ಕೆಲವು ಹೆಣ್ಣುಮಕ್ಕಳ ಪಾಲಿಗೆ ತರಗತಿಯೊಳಗೆ ಕೂರಬಹುದೇ ಎಂಬ ಪ್ರಶ್ನೆಯಾಗಿಬಿಟ್ಟಿತು. ಒಂದು ಪದ್ಯವನ್ನು ಓದಿದರೆ ಇಂಥ ಗಾಯ ಮಾಯುತ್ತದೆ ಎಂದು ಯಾರೂ ಹೇಳಲಾರರು. ಆದರೆ ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳು ಒಂದೇ ಕಷ್ಟದ ಸಾಲಿನ ಮುಂದೆ ಕೂತು ‘ಇದರ ಅರ್ಥವೇನು’ ಎಂದು ಒಟ್ಟಿಗೆ ತಲೆ ಕೆರೆದುಕೊಳ್ಳುವ ಜಾಗಗಳು ನಮ್ಮಲ್ಲಿ ಬಹಳ ಉಳಿದಿಲ್ಲ. ಇರುವುದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ತೀರ್ಮಾನ ಯಾರದು?

ಹಾಗಾದರೆ ಎಲ್ಲ ಮಕ್ಕಳೂ ಐಚ್ಛಿಕ ಕನ್ನಡ ತೆಗೆದುಕೊಳ್ಳಬೇಕೇ? ಖಂಡಿತ ಇಲ್ಲ. ಇಲ್ಲಿ ನಮ್ಮ ಸಾಹಿತ್ಯಾಭಿಮಾನಿಗಳ ಕುರಿತೂ ಒಂದು ಮಾತು ಹೇಳಬೇಕು. ನವೆಂಬರ್ ಬಂದರೆ ವೇದಿಕೆಯ ಮೇಲೆ ಕನ್ನಡ ಉಳಿಸಿ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ಎಷ್ಟು ಮಂದಿಯ ಮಕ್ಕಳು ಐಚ್ಛಿಕ ಕನ್ನಡ ಓದುತ್ತಾರೆ? ತಮ್ಮ ಮಗನನ್ನು ಪಿಸಿಎಂಬಿಗೆ ಸೇರಿಸಿ, ಆಟೋ ಓಡಿಸುವವನ ಮಗಳಿಗೆ ‘ನೀನು ಕನ್ನಡ ಓದಮ್ಮ, ಭಾಷೆ ಉಳಿಯಲಿ’ ಎನ್ನುವುದರಲ್ಲಿ ಎಂಥ ನೈತಿಕತೆಯಿದೆ? ಭಾಷೆಯನ್ನು ಉಳಿಸುವ ಹೊರೆ ಹದಿನಾರು ವರ್ಷದ ಮಗುವಿನದಲ್ಲ. ಅದು ಸರಕಾರದ್ದು, ಸಮಾಜದ್ದು. ಆ ಹೊರೆಯನ್ನು ತೋರಿಸಿ ಒಂದು ಮಗುವಿನಿಂದ ಸಾಹಿತ್ಯ ಓದಿಸುವುದೂ, ಹೊಟ್ಟೆಪಾಡನ್ನು ತೋರಿಸಿ ಅದನ್ನು ಬಿಡಿಸುವುದೂ ಒಂದೇ ಬಗೆಯ ಬಲವಂತ. ಎರಡರಲ್ಲೂ ಮಗುವಿನ ಇಚ್ಛೆಗೆ ಬೆಲೆಯಿಲ್ಲ.

‘ಐಚ್ಛಿಕ’ ಎಂಬ ಪದದಲ್ಲೇ ಇಚ್ಛೆ ಇದೆ. ಆದರೆ ಇಚ್ಛೆ ಎಂಬುದು ಬೇರೆ ದಾರಿಗಳೂ ಇದ್ದಾಗ ಮಾತ್ರ ಇಚ್ಛೆ. ವಿಜ್ಞಾನದಲ್ಲಿ ಸೀಟು ಸಿಗದೆ ಇಲ್ಲಿಗೆ ಬಂದವರದ್ದು ಆಯ್ಕೆಯಲ್ಲ. ಮನೆಯವರ ಹೆದರಿಕೆಗೆ ಬಾಗಿ ಅಲ್ಲಿಗೆ ಹೋದವರದ್ದೂ ಆಯ್ಕೆಯಲ್ಲ. ತೀರ್ಮಾನದ ಕಷ್ಟನಷ್ಟ ಯಾರ ತಲೆಯ ಮೇಲೆ ಬೀಳುತ್ತದೆಯೋ ಅವರಿಗೇ ತೀರ್ಮಾನದ ಹಕ್ಕು ಇರಬೇಕು. ಹಿರಿಯರ ಕರ್ತವ್ಯ ತೀರ್ಮಾನ ಮಾಡುವುದಲ್ಲ, ನಿಜ ಹೇಳುವುದು. ದಾರಿ ಕಿರಿದು ಎಂದೂ ಹೇಳಬೇಕು, ದಾರಿ ಇದೆ ಎಂದೂ ಹೇಳಬೇಕು. ಮನೆಯ ಪರಿಸ್ಥಿತಿ ಹೇಗಿದೆ, ಎಷ್ಟು ವರ್ಷ ಕಾಯಲು ಸಾಧ್ಯ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಸಾಲದ ಕಂತು ಕಟ್ಟುತ್ತಿರುವ ಮನೆಯಲ್ಲಿ ಹುಡುಗಿ ತಾನೇ ಯೋಚಿಸಿ ವಾಣಿಜ್ಯ ಆರಿಸಿಕೊಂಡರೆ ಅದು ಸಾಹಿತ್ಯಕ್ಕೆ ಮಾಡಿದ ದ್ರೋಹವಲ್ಲ. ಅವಳು ನಿಸಾರರ, ಬೊಳುವಾರರ ದಾರಿಯಲ್ಲಿ ನಡೆಯಬಹುದು. ಆಗ ಅವಳಿಗೆ ಓದಲು ಒಂದು ಮೂಲೆಯನ್ನೂ ಒಂದು ಗಂಟೆಯನ್ನೂ ಬಿಟ್ಟುಕೊಡುವುದು ಮನೆಯವರ ಹೊಣೆ.

ಆ ಹುಡುಗಿಯೂ ತನ್ನನ್ನು ತಾನೇ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ನನಗೆ ಇಷ್ಟವಾದದ್ದು ಓದೋ, ಅಥವಾ ಗಣಿತದಿಂದ ತಪ್ಪಿಸಿಕೊಳ್ಳುವುದೋ? ಅರ್ಥವಾಗದ ಪುಟವನ್ನು ಯಾರೂ ಹೇಳದೆ ಎರಡನೆಯ ಸಲ ಓದುವ ತಾಳ್ಮೆ ನನಗಿದೆಯೇ? ಗೈಡ್ ಪುಸ್ತಕದ ಸಾರಾಂಶ ಬಾಯಿಪಾಠ ಮಾಡಿ ಅಂಕ ತೆಗೆಯುವುದಾದರೆ ಯಾವ ವಿಷಯವಾದರೂ ಒಂದೇ, ಅದಕ್ಕೆ ಪಂಪನನ್ನು ಯಾಕೆ ಕಾಡಬೇಕು? ಗೆಳತಿಯರೆಲ್ಲ ಬೇರೆ ತರಗತಿಗೆ ಹೋದರೂ ನಾನು ಇಲ್ಲಿ ಕೂರಬಲ್ಲೆನೇ?

ಇದರ ಜೊತೆಗೆ ಕಾಲೇಜಿಗೆ ಹೋಗಿ ವಿಚಾರಿಸುವ ಕೆಲಸವೂ ಇದೆ. ಕರಾವಳಿಯ ಅನೇಕ ಖಾಸಗಿ ಕಾಲೇಜುಗಳಲ್ಲಿ ಕಲಾ ವಿಭಾಗವೇ ಇಲ್ಲ. ಇರುವಲ್ಲಿ ಎಲ್ಲ ಕಾಂಬಿನೇಶನ್‌ಗಳೂ ಇರುವುದಿಲ್ಲ. ಬಯಸಿದ ವಿಷಯ ಇದೆಯೇ, ಅದಕ್ಕೆ ಪೂರ್ಣಾವಧಿಯ ಉಪನ್ಯಾಸಕರಿದ್ದಾರೆಯೇ, ಬಸ್ಸಿನ ಹೊತ್ತು ಹೊಂದುತ್ತದೆಯೇ ಎಂದು ಅರ್ಜಿ ತುಂಬುವ ಮೊದಲೇ ಕೇಳಬೇಕು. ಮಕ್ಕಳು ಬಾರದಿದ್ದರೆ ವಿಷಯ ನಿಂತುಹೋಗುತ್ತದೆ, ವಿಷಯ ನಿಂತರೆ ಮುಂದಿನ ವರ್ಷ ಕೇಳುವ ಮಗುವಿಗೆ ‘ಇಲ್ಲ’ ಎಂಬ ಉತ್ತರ ಸಿಗುತ್ತದೆ. ಆದ್ದರಿಂದ ಇಬ್ಬರೇ ಕೇಳಿದರೂ ತರಗತಿ ನಡೆಯಲಿ ಎಂದು ಒತ್ತಾಯಿಸುವ ಕೆಲಸ ನಮ್ಮ ಶಾಲಾ ಸಮಿತಿಗಳದು, ಜಮಾಅತ್‌ಗಳದು, ಊರಿನ ಸಂಘಗಳದು. ಮೆರಿಟ್ ಬಂದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವಾಗ ಡಾಕ್ಟರ್, ಇಂಜಿನಿಯರ್ ಆಗುವವರ ಜೊತೆಗೆ ಒಂದು ಹೆಸರು ಸಾಹಿತ್ಯ ಓದುವವರದ್ದೂ ಇರಲಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಆ ಹುಡುಗಿ ‘ನನಗೆ ಇದೇ ಬೇಕು’ ಎಂದರೆ, ತೆಗೆದುಕೊಳ್ಳಲಿ ಎಂದೇ ನಾನು ಹೇಳುತ್ತೇನೆ. ಅವಳು ಕವಿಯಾಗುತ್ತಾಳೆ ಎಂಬ ಕಾರಣಕ್ಕಲ್ಲ, ಪ್ರಶಸ್ತಿ ತರುತ್ತಾಳೆ ಎಂಬ ಕಾರಣಕ್ಕೂ ಅಲ್ಲ. ಒಳ್ಳೆಯ ಓದುಗಳಾದರೂ ಸಾಕು. ಅಮ್ಮ ಕೇಳಿದ ‘ಏನಾಗ್ಲಿಕ್ಕುಂಟು’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಎರಡು ವರ್ಷದಲ್ಲಿ ಸಿಗಲಾರದು. ಸಿಗುವವರೆಗೆ ಮಗಳ ಪಕ್ಕದಲ್ಲಿ ನಿಲ್ಲುವ ಧೈರ್ಯ ಮನೆಯವರಿಗಿರಲಿ.